ಫೋಟೊ ಬಂದು ತಿಂಗಳುಗಳಾದರೂ ಮಗು ಯಾಕೆ ಬರುವುದಿಲ್ಲ? ವಿದೇಶದ ದತ್ತು ಮತ್ತು ಅದರ ಸುತ್ತಲಿನ ಸುಳ್ಳುಗಳು

"ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮೂರು ದಿನದ ಹೆಣ್ಣು ಮಗು ಇದೆ. ದತ್ತು ಬೇಕಾದವರು ಈ ನಂಬರಿಗೆ ಕರೆ ಮಾಡಿ. ದಯವಿಟ್ಟು ಎಲ್ಲಾ ಗ್ರೂಪಿಗೂ ಕಳಿಸಿ."

2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಇಂಥ ಸಂದೇಶಗಳು ದೇಶದ ಎಲ್ಲ ಭಾಷೆಗಳಲ್ಲೂ ಹರಿದಾಡಿದವು. ನಿಮ್ಮ ಮೊಬೈಲಿಗೂ ಬಂದಿರಬಹುದು. ಕಳಿಸಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಂದು ಮಗುವಿಗೆ ಮನೆ ಸಿಗಲಿ ಎನ್ನುವ ಆಸೆ ಅಷ್ಟೇ. ಇಂಥ ಸಂದೇಶದ ಜೊತೆಯಲ್ಲೇ ಇನ್ನೊಂದು ಮಾತೂ ಬರುತ್ತದೆ: "ಸರ್ಕಾರದ ದಾರಿಯಲ್ಲಿ ಹೋದರೆ ವರ್ಷಗಟ್ಟಲೆ ಕಾಯಿಸುತ್ತಾರೆ. ಮಕ್ಕಳು ಆಶ್ರಮದಲ್ಲಿ ಕೊಳೆಯುತ್ತಿದ್ದಾರೆ, ಇವರು ಫೈಲು ಹಿಡಿದು ಕೂತಿದ್ದಾರೆ."

ಈ ಮಾತನ್ನು ಹೆಚ್ಚು ಆಡುವವರು ವಿದೇಶದಲ್ಲಿ ಕಾಯುತ್ತಿರುವ ದಂಪತಿಗಳು ಮತ್ತು ಅವರ ನೆಂಟರು. ಅಮೆರಿಕದಲ್ಲೋ ಸ್ಪೇನ್‌ನಲ್ಲೋ ಒಂದು ಮನೆಯಲ್ಲಿ ತೊಟ್ಟಿಲು ತಂದಿಟ್ಟಾಗಿದೆ. ಮಗುವಿನ ಫೋಟೊ ಬಂದಿದೆ, ಹೆಸರೂ ಇಟ್ಟಾಗಿದೆ. ಮಗು ಮಾತ್ರ ಇನ್ನೂ ಭಾರತದ ಒಂದು ಶಿಶುಗೃಹದಲ್ಲಿದೆ. ಒಂದು ತಿಂಗಳು ಆಯಿತು, ಮೂರಾಯಿತು, ಆರಾಯಿತು. ಮಗು ಕೂರುವುದನ್ನು, ತೆವಳುವುದನ್ನು, ಮೊದಲ ಹೆಜ್ಜೆ ಇಡುವುದನ್ನು ಬೇರೆ ಯಾರೋ ನೋಡುತ್ತಿದ್ದಾರೆ. ಇಷ್ಟು ತಡ ಯಾಕೆ? ಇದು ಬರೀ ಕಚೇರಿಗಳ ಸೋಮಾರಿತನವೇ? ಹಂತ ಹಂತವಾಗಿ ನೋಡೋಣ.

ಮೊದಲು ಒಂದು ತಪ್ಪು ಲೆಕ್ಕ ಸರಿಪಡಿಸೋಣ

"ಭಾರತದಲ್ಲಿ ಕೋಟಿಗಟ್ಟಲೆ ಅನಾಥ ಮಕ್ಕಳಿದ್ದಾರೆ, ಕೊಂಡೊಯ್ಯುವವರಿಲ್ಲ" ಎನ್ನುವುದು ಎಲ್ಲರೂ ನಂಬಿರುವ ಮಾತು. ದತ್ತಿನ ಮಟ್ಟಿಗೆ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಕೆಳಗಿರುವ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ 'ಕಾರಾ', ದೇಶದ ದತ್ತು ವ್ಯವಸ್ಥೆಯನ್ನು ನೋಡಿಕೊಳ್ಳುತ್ತದೆ. ಅದರ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಕಾಯುತ್ತಿರುವ ಕುಟುಂಬಗಳು 30 ಸಾವಿರಕ್ಕೂ ಹೆಚ್ಚು. 2024-25ರ ಇಡೀ ವರ್ಷದಲ್ಲಿ ನಡೆದ ದತ್ತು 4,515. ಅದರಲ್ಲಿ 4,155 ಮಕ್ಕಳು ದೇಶದೊಳಗಿನ ಮನೆಗಳಿಗೇ ಹೋದರು. ಹೊರದೇಶಕ್ಕೆ ಹೋದವರು ಕೆಲವು ನೂರು ಮಾತ್ರ.

ಅಂದರೆ ಸಾಲಿನಲ್ಲಿ ನಿಂತಿರುವವರು ಹೆಚ್ಚಾಗಿ ತಂದೆ ತಾಯಂದಿರು, ಮಕ್ಕಳಲ್ಲ. ಆರೋಗ್ಯವಂತ ಪುಟ್ಟ ಕೂಸು ಬೇಕು ಎಂದರೆ ಬೆಂಗಳೂರಿನಲ್ಲೇ ಇರುವ ದಂಪತಿಯೂ ವರ್ಷಗಟ್ಟಲೆ ಕಾಯಬೇಕು. ಬೇಗ ಮನೆ ಸಿಗದೆ ಉಳಿಯುವವರು ಐದಾರು ವರ್ಷ ದಾಟಿದ ಮಕ್ಕಳು, ಒಟ್ಟಿಗೇ ಹೋಗಬೇಕಾದ ಅಣ್ಣ ತಂಗಿಯರು, ವಿಶೇಷ ಆರೈಕೆ ಬೇಕಾದ ಮಕ್ಕಳು.

ಇನ್ನೊಂದು ವಿಷಯ. ಆಶ್ರಮದಲ್ಲಿರುವ ಮಕ್ಕಳೆಲ್ಲ ಅನಾಥರಲ್ಲ. ಬಡತನಕ್ಕೆ, ತಾಯಿಯ ಕಾಯಿಲೆಗೆ, ಅಪ್ಪನ ಕುಡಿತಕ್ಕೆ, ಓದಿಗೆ ಎಂದು ತಂದುಬಿಟ್ಟ ಮಕ್ಕಳು ಅಲ್ಲಿ ಬಹಳ. ಅವರಿಗೆ ಮನೆಯವರಿದ್ದಾರೆ. ಅವರನ್ನು ದತ್ತು ಕೊಡುವಂತಿಲ್ಲ.

ಫೋಟೊ ಬರುವುದಕ್ಕೂ ಮೊದಲು ಏನೇನು ನಡೆದಿರುತ್ತದೆ?

ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯ ಮುಂದಿನ ಮಮತೆಯ ತೊಟ್ಟಿಲಲ್ಲೋ ಒಂದು ಮಗು ಸಿಕ್ಕಿತು ಎಂದುಕೊಳ್ಳಿ. ಅದನ್ನು ಮೊದಲು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪೊಲೀಸರು ಹೆತ್ತವರನ್ನು ಹುಡುಕಬೇಕು. ಪತ್ರಿಕೆಯ ಮೂಲೆಯಲ್ಲಿ ಮಗುವಿನ ಫೋಟೊ ಹಾಕಿ "ಪೋಷಕರ ಪತ್ತೆಗೆ ಮನವಿ" ಎಂದು ಪ್ರಕಟಣೆ ಬರುವುದನ್ನು ನೀವು ನೋಡಿರುತ್ತೀರಿ. ಅದು ಈ ಹುಡುಕಾಟದ ಭಾಗ. ಎಲ್ಲ ಹುಡುಕಿದ ಮೇಲೂ ಯಾರೂ ಬರಲಿಲ್ಲ ಎಂದಾದರೆ ಮಾತ್ರ ಸಮಿತಿಯು ಆ ಮಗುವನ್ನು 'ದತ್ತಿಗೆ ಕಾನೂನಿನ ಪ್ರಕಾರ ಮುಕ್ತ' ಎಂದು ಘೋಷಿಸುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ, ದೊಡ್ಡ ಮಗುವಾದರೆ ನಾಲ್ಕು ತಿಂಗಳಲ್ಲಿ ಈ ತೀರ್ಮಾನ ಆಗಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ.

ತಾಯಿಯೇ ಬಂದು "ಸಾಕಲು ಆಗುವುದಿಲ್ಲ" ಎಂದು ಸಮಿತಿಗೆ ಒಪ್ಪಿಸಿದ ಮಗುವಾದರೆ ಆಕೆಗೆ ಎರಡು ತಿಂಗಳ ಸಮಯವಿದೆ. ಹೆರಿಗೆಯ ನೋವು, ಅವಮಾನ, ಮನೆಯವರ ಒತ್ತಡ ಎಲ್ಲ ಸ್ವಲ್ಪ ತಣಿದ ಮೇಲೆ ಆಕೆಗೆ "ನನ್ನ ಮಗು ನನಗೇ ಬೇಕು" ಅನ್ನಿಸಬಹುದು. ಆಗ ಮಗು ಆಕೆಗೇ ಸಲ್ಲಬೇಕು. ಅಮೆರಿಕದ ದಂಪತಿಗೆ ವ್ಯರ್ಥ ಎನ್ನಿಸುವ ಆ 60 ದಿನಗಳು ಈ ತಾಯಿಗೆ ಉಳಿದಿರುವ ಕೊನೆಯ ಅವಕಾಶ.

ಇದಾದ ಮೇಲೆ ಇನ್ನೊಂದು 60 ದಿನದ ನಿಯಮವಿದೆ. ದತ್ತಿಗೆ ಮುಕ್ತವಾದ ಮಗುವಿಗೆ ಮೊದಲು ಭಾರತದಲ್ಲಿರುವ ಅಥವಾ ಅನಿವಾಸಿ ಭಾರತೀಯ ಕುಟುಂಬವನ್ನು ಹುಡುಕಬೇಕು. 60 ದಿನದಲ್ಲಿ ಸಿಗದಿದ್ದರೆ ಮಾತ್ರ ವಿದೇಶಿ ಕುಟುಂಬದ ದಾರಿ ತೆರೆಯುತ್ತದೆ. ದೊಡ್ಡ ಮಕ್ಕಳು, ಒಡಹುಟ್ಟಿದವರು, ಅಂಗವೈಕಲ್ಯ ಇರುವ ಮಕ್ಕಳ ವಿಷಯದಲ್ಲಿ ವಿದೇಶಿ ದತ್ತಿಗೆ ಆದ್ಯತೆ ಕೊಡಬಹುದು. ಹೆತ್ತ ಮನೆ ಮೊದಲು, ಹುಟ್ಟಿದ ನಾಡು ಆಮೇಲೆ, ಹೊರದೇಶ ಕೊನೆಗೆ. 1993ರ ಹೇಗ್ ದತ್ತು ಒಪ್ಪಂದದ ತಿರುಳೂ ಇದೇ. 100ಕ್ಕೂ ಹೆಚ್ಚು ದೇಶಗಳು ಒಪ್ಪಿರುವ ಈ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು.

ಫೋಟೊ ಬಂದ ಮೇಲೆ ಯಾಕೆ ತಡ?

ಕಾಯುವವರಿಗೆ ಅತಿ ಕಷ್ಟದ ಕಾಲ ಇದು. ಮಗುವಿನ ಫೋಟೊ, ಅದರ ಹಿನ್ನೆಲೆಯ ವರದಿ, ವೈದ್ಯಕೀಯ ವರದಿ ಕೈಗೆ ಬಂದಿವೆ. ಒಪ್ಪಿಗೆಯನ್ನೂ ಕೊಟ್ಟಾಗಿದೆ. ಆಮೇಲೆ ಸಾಮಾನ್ಯವಾಗಿ ನಡೆಯುವುದು ಇಷ್ಟು:

1. ಕುಟುಂಬ ಇರುವ ದೇಶದ ಸರ್ಕಾರ ಎರಡು ಮಾತು ಬರೆದು ಕೊಡಬೇಕು. ಈ ದಂಪತಿ ಮಗು ಸಾಕಲು ಯೋಗ್ಯರು, ಈ ಮಗುವನ್ನು ನಮ್ಮ ದೇಶದೊಳಗೆ ಬಿಟ್ಟುಕೊಂಡು ಇಲ್ಲೇ ಶಾಶ್ವತವಾಗಿ ಇರಲು ಬಿಡುತ್ತೇವೆ.

2. ಅದನ್ನು ನೋಡಿ ಕಾರಾ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಇದಿಲ್ಲದೆ ದತ್ತಿಗಾಗಿ ಯಾವ ಮಗುವೂ ದೇಶ ಬಿಡುವಂತಿಲ್ಲ.

3. ಜಿಲ್ಲಾಧಿಕಾರಿ ದತ್ತು ಆದೇಶ ಹೊರಡಿಸುತ್ತಾರೆ. ಮೊದಲು ಇದು ನ್ಯಾಯಾಲಯದ ಕೆಲಸವಾಗಿತ್ತು. ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಜಿಲ್ಲಾಧಿಕಾರಿಗೆ ಹೋಯಿತು. ತಡ ಕಡಿಮೆಯಾಗಲಿ ಎಂಬುದೇ ಈ ಬದಲಾವಣೆಯ ಉದ್ದೇಶ.

4. ಆದೇಶ ಬಂದ ಮೇಲೆ ಹೊಸ ತಂದೆ ತಾಯಿಯ ಹೆಸರಿರುವ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಹೇಗ್ ಒಪ್ಪಂದದ ಪ್ರಕಾರ ದತ್ತು ನಡೆದಿದೆ ಎಂಬ ಕಾರಾದ ಪ್ರಮಾಣಪತ್ರ.

5. ಕೊನೆಗೆ ಆ ದೇಶದ ವೀಸಾ. ತಂದೆ ತಾಯಿ ಭಾರತಕ್ಕೆ ಬಂದು ಮಗುವನ್ನು ಎತ್ತಿಕೊಂಡು ಹೊರಡುತ್ತಾರೆ.

ಇವು ಒಂದರ ಹಿಂದೆ ಒಂದು ನಡೆಯಬೇಕು. ಒಂದು ಕಾಗದದಲ್ಲಿ ಹುಟ್ಟಿದ ದಿನಾಂಕ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇದ್ದರೆ ಎಲ್ಲವೂ ನಿಲ್ಲುತ್ತದೆ. ಇಲ್ಲಿ ನಿಜವಾದ ಸೋಮಾರಿತನವೂ ಇರುತ್ತದೆ. ರಜೆಯಲ್ಲಿರುವ ಅಧಿಕಾರಿ, ಸಹಿಗಾಗಿ ಮೇಜಿನ ಮೇಲೆ ಕೂತ ಕಡತ, ಖಾಲಿ ಬಿದ್ದಿರುವ ಸಮಿತಿ ಸದಸ್ಯರ ಹುದ್ದೆ. ಅದರ ಬಗ್ಗೆ ದೂರುವುದು ನ್ಯಾಯವೇ. ಆದರೆ ಪರಿಶೀಲನೆ ಬೇರೆ, ಸೋಮಾರಿತನ ಬೇರೆ. ಸೋಮಾರಿತನ ಹೋಗಬೇಕು, ಪರಿಶೀಲನೆ ಇರಲೇಬೇಕು.

ಪರಿಶೀಲನೆ ಬಿಟ್ಟಾಗ ಏನಾಯಿತು?

ಈ ನಿಯಮಗಳು ಸುಮ್ಮನೆ ಬಂದವಲ್ಲ. ಒಂದೊಂದರ ಹಿಂದೆಯೂ ಒಂದು ಅನ್ಯಾಯದ ಕಥೆಯಿದೆ.

ಭಾರತದಲ್ಲಿ: 1982ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ವಿದೇಶಿಯರಿಗೆ ಮಕ್ಕಳನ್ನು ದತ್ತು ಕೊಡುವ ಹೆಸರಿನಲ್ಲಿ ಅಕ್ರಮಗಳು ನಡೆಯುತ್ತಿವೆ ಎಂಬುದು ಅವರ ದೂರು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿತು. 1984ರಲ್ಲಿ ಬಂದ ತೀರ್ಪು ವಿದೇಶಿ ದತ್ತಿಗೆ ಮೊದಲ ಸಲ ಸ್ಪಷ್ಟ ನಿಯಮ ಹಾಕಿತು. ಅದರ ಬೆನ್ನಿಗೆ 1990ರಲ್ಲಿ ಕಾರಾ ಹುಟ್ಟಿತು. ಹಾಗಿದ್ದೂ 1990ರ ದಶಕದ ಕೊನೆಯಲ್ಲಿ ಅವಿಭಜಿತ ಆಂಧ್ರಪ್ರದೇಶದ ಲಂಬಾಣಿ ತಾಂಡಾಗಳಿಂದ ಹೆಣ್ಣು ಶಿಶುಗಳನ್ನು ದುಡ್ಡು ಕೊಟ್ಟು ತಂದು ವಿದೇಶಕ್ಕೆ ದತ್ತು ಕಳಿಸುವ ಜಾಲ ಬಯಲಾಯಿತು. 2005ರಲ್ಲಿ ಚೆನ್ನೈನಲ್ಲಿ ಕೊಳೆಗೇರಿಗಳಿಂದ ಕದ್ದ ಮಕ್ಕಳೂ ದತ್ತಿನ ಹೆಸರಲ್ಲಿ ವಿದೇಶಕ್ಕೆ ಹೋಗಿದ್ದು ಬೆಳಕಿಗೆ ಬಂತು. ಅಲ್ಲಿ ಮಗುವನ್ನು ಪ್ರೀತಿಯಿಂದ ಸಾಕುತ್ತಿದ್ದ ಕುಟುಂಬಕ್ಕೆ ಅದು ಕದ್ದ ಮಗು ಎಂದು ಗೊತ್ತೇ ಇರಲಿಲ್ಲ.

ಗ್ವಾಟೆಮಾಲಾದಲ್ಲಿ: ಈ ಪುಟ್ಟ ದೇಶದಿಂದ 2007ರ ಒಂದೇ ವರ್ಷದಲ್ಲಿ 4,700ಕ್ಕೂ ಹೆಚ್ಚು ಮಕ್ಕಳು ಅಮೆರಿಕಕ್ಕೆ ದತ್ತು ಹೋದರು. ಖಾಸಗಿ ವಕೀಲರ ಮೂಲಕ ಬೇಗ ಬೇಗ ಕೆಲಸ ಮುಗಿಯುತ್ತಿತ್ತು. ಕಾಯುವವರಿಗೆ ಅದು ಸ್ವರ್ಗ. ಆದರೆ ಮಕ್ಕಳನ್ನು ಕದ್ದ, ಕೊಂಡ, ನಕಲಿ ತಾಯಂದಿರನ್ನು ತೋರಿಸಿದ ಪ್ರಕರಣಗಳು ಒಂದೊಂದಾಗಿ ಹೊರಬಂದವು. ಆ ವರ್ಷದ ಕೊನೆಗೆ ಹೊಸ ಕಾನೂನು ತಂದು ಹಳೆಯ ಪದ್ಧತಿಯನ್ನೇ ಮುಚ್ಚಿದರು.

ಹೈಟಿಯಲ್ಲಿ: 2010ರ ಜನವರಿಯಲ್ಲಿ ಭೀಕರ ಭೂಕಂಪವಾಯಿತು. ಅದೇ ತಿಂಗಳ ಕೊನೆಯಲ್ಲಿ ಹತ್ತು ಮಂದಿ ಅಮೆರಿಕನ್ನರು 33 ಮಕ್ಕಳನ್ನು "ಅನಾಥರು" ಎಂದು ಬಸ್ಸಿನಲ್ಲಿ ಕೂರಿಸಿಕೊಂಡು ಗಡಿ ದಾಟಲು ಹೋಗಿ ಸಿಕ್ಕಿಬಿದ್ದರು. ಕಾಗದಪತ್ರ ಇರಲಿಲ್ಲ. ವಿಚಾರಿಸಿದರೆ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದರು.

ದಕ್ಷಿಣ ಕೊರಿಯಾದಲ್ಲಿ: 1950ರ ದಶಕದಿಂದ 1.4 ಲಕ್ಷಕ್ಕೂ ಹೆಚ್ಚು ಮಕ್ಕಳು ಅಲ್ಲಿಂದ ಪಶ್ಚಿಮದ ದೇಶಗಳಿಗೆ ದತ್ತು ಹೋದರು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರಿ ಸತ್ಯಶೋಧನಾ ಆಯೋಗವೇ ಒಪ್ಪಿಕೊಂಡಿತು: ಹೆತ್ತವರಿದ್ದ ಮಕ್ಕಳನ್ನು ಅನಾಥರೆಂದು ಬರೆಯಲಾಗಿತ್ತು, ದಾಖಲೆ ತಿದ್ದಲಾಗಿತ್ತು, ಒಂದು ಮಗುವಿನ ಗುರುತನ್ನು ಇನ್ನೊಂದಕ್ಕೆ ಹಚ್ಚಲಾಗಿತ್ತು. ಐವತ್ತು ದಾಟಿದವರು ಈಗ ಕೊರಿಯಾಕ್ಕೆ ಬಂದು ಡಿಎನ್‌ಎ ಪರೀಕ್ಷೆ ಮಾಡಿಸಿ ಅಮ್ಮನನ್ನು ಹುಡುಕುತ್ತಿದ್ದಾರೆ.

ಇನ್ನೊಂದು ಅನ್ಯಾಯ ಪೌರತ್ವದ್ದು. ಹಿಂದೆ ಅಮೆರಿಕಕ್ಕೆ ದತ್ತು ಹೋದ ಎಷ್ಟೋ ಮಕ್ಕಳಿಗೆ ಸಾಕಿದವರು ಪೌರತ್ವದ ಅರ್ಜಿಯನ್ನೇ ಹಾಕಿರಲಿಲ್ಲ. ದೊಡ್ಡವರಾದ ಮೇಲೆ ಅವರು ಯಾವ ದೇಶಕ್ಕೂ ಸೇರದವರಾದರು. ಕೆಲವರನ್ನು ಭಾಷೆಯೂ ಗೊತ್ತಿಲ್ಲದ ಹುಟ್ಟೂರಿಗೆ ಗಡೀಪಾರು ಮಾಡಲಾಯಿತು. 2001ರ ಫೆಬ್ರವರಿಯಲ್ಲಿ ಜಾರಿಯಾದ ಕಾನೂನಿನಿಂದ ಈಗ ದತ್ತು ಮಗುವಿಗೆ ಅಲ್ಲಿ ತಾನಾಗಿಯೇ ಪೌರತ್ವ ಸಿಗುತ್ತದೆ. ಆದರೆ ಅಷ್ಟರಲ್ಲಿ 18 ದಾಟಿದ್ದವರಿಗೆ ಅದು ಸಿಗಲಿಲ್ಲ. ವೀಸಾದ ಕಾಗದಕ್ಕೆ ಯಾಕಿಷ್ಟು ಕಾಯಿಸುತ್ತಾರೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಇಂಥ ಹಗರಣಗಳ ನಂತರ ಹಲವು ದೇಶಗಳು ಬಾಗಿಲು ಮುಚ್ಚಿದವು ಅಥವಾ ಬಿಗಿ ಮಾಡಿದವು. 2004ರಲ್ಲಿ ಸುಮಾರು 23 ಸಾವಿರ ಮಕ್ಕಳು ಹೊರದೇಶಗಳಿಂದ ಅಮೆರಿಕಕ್ಕೆ ದತ್ತು ಬಂದಿದ್ದರು. 2023ರಲ್ಲಿ ಆ ಸಂಖ್ಯೆ ಸುಮಾರು 1,300.

ಬಾಗಿಲು ಮುಚ್ಚಿದರೆ ಕಾಯುತ್ತಿದ್ದವರ ಗತಿ?

ಕಾಯುವುದರಲ್ಲಿ ನಿಜವಾದ ನೋವಿದೆ. ಚೀನಾದ ಉದಾಹರಣೆ ನೋಡಿ. ಕೋವಿಡ್ ಬಂದಾಗ 2020ರಲ್ಲಿ ಚೀನಾ ವಿದೇಶಿ ದತ್ತನ್ನು ನಿಲ್ಲಿಸಿತು. ಆ ಹೊತ್ತಿಗೆ ನೂರಾರು ಅಮೆರಿಕನ್ ಕುಟುಂಬಗಳಿಗೆ ಮಗು ಗೊತ್ತಾಗಿತ್ತು. ಫೋಟೊ ಗೋಡೆಗೆ ಹಾಕಿದ್ದರು, ಹುಟ್ಟುಹಬ್ಬಕ್ಕೆ ಉಡುಗೊರೆ ಕಳಿಸುತ್ತಿದ್ದರು. ನಾಲ್ಕು ವರ್ಷ ಕಾದರು. 2024ರ ಸೆಪ್ಟೆಂಬರ್‌ನಲ್ಲಿ ಚೀನಾ ಸರ್ಕಾರ ಹೇಳಿತು: ರಕ್ತಸಂಬಂಧಿಗಳ ಮಕ್ಕಳು ಮತ್ತು ಮಲಮಕ್ಕಳನ್ನು ಬಿಟ್ಟು ಇನ್ನು ಯಾವ ಮಗುವೂ ವಿದೇಶಕ್ಕೆ ದತ್ತು ಹೋಗುವುದಿಲ್ಲ. ಆ ಮಕ್ಕಳಲ್ಲಿ ಬಹುಪಾಲು ವಿಶೇಷ ಆರೈಕೆ ಬೇಕಾದವರು. "ನಿನಗೆ ಅಮ್ಮ ಅಪ್ಪ ಬರುತ್ತಾರೆ" ಎಂದು ಹೇಳಿಸಿಕೊಂಡು ಬೆಳೆದ ಕೆಲವರು ಅಷ್ಟರಲ್ಲಿ ಶಾಲೆಗೆ ಹೋಗುವ ವಯಸ್ಸಿನವರಾಗಿದ್ದರು.

ಹಾಗಾಗಿ ಕಾಯಿಸಿದಷ್ಟೂ ಒಳ್ಳೆಯದು ಎಂದೂ ಹೇಳಲಾಗದು. ಮಗುವಿನ ಮಿದುಳು ಕಾಯುವುದಿಲ್ಲ.

ತಡವಾದರೆ ಮಗುವಿಗೆ ಏನಾಗುತ್ತದೆ?

ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ರೊಮೇನಿಯಾದಿಂದ. ಅಲ್ಲಿ ಸರ್ವಾಧಿಕಾರದ ಕಾಲದಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಅನಾಥಾಲಯಗಳಲ್ಲಿದ್ದರು. ಹೊಟ್ಟೆಗೆ ಇಷ್ಟು ಸಿಗುತ್ತಿತ್ತು, ಎತ್ತಿಕೊಳ್ಳುವವರು, ಮಾತಾಡಿಸುವವರು ಇರಲಿಲ್ಲ. ಅಲ್ಲಿಂದ ಬ್ರಿಟನ್ನಿಗೆ ದತ್ತು ಬಂದ 165 ಮಕ್ಕಳನ್ನು ಮೈಕಲ್ ರಟರ್ ಮತ್ತು ಸಂಗಡಿಗರು ದೊಡ್ಡವರಾಗುವವರೆಗೂ ಗಮನಿಸಿದರು. ಅನಾಥಾಲಯದಲ್ಲಿ ಆರು ತಿಂಗಳಿಗಿಂತ ಕಡಿಮೆ ಇದ್ದ ಮಕ್ಕಳು ಬಹುಮಟ್ಟಿಗೆ ಬ್ರಿಟನ್ನಿನ ಇತರ ದತ್ತು ಮಕ್ಕಳಂತೆಯೇ ಬೆಳೆದರು. ಹೆಚ್ಚು ಕಾಲ ಇದ್ದವರಲ್ಲಿ ಗಮನ ನಿಲ್ಲದಿರುವುದು, ಜನರೊಡನೆ ಬೆರೆಯುವ ತೊಂದರೆ ಹೆಚ್ಚಾಗಿ ಕಂಡವು.

ಬುಖಾರೆಸ್ಟ್ ನಗರದಲ್ಲೇ ಇನ್ನೊಂದು ಅಧ್ಯಯನ ನಡೆಯಿತು. ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧ ಜನರನ್ನು ಸಾಕುಮನೆಗಳಿಗೆ ಕಳಿಸಿ ಹೋಲಿಸಿ ನೋಡಿದರು. ಮನೆಗೆ ಹೋದ ಮಕ್ಕಳ ಬುದ್ಧಿ, ಭಾವನೆ ಎರಡೂ ಸುಧಾರಿಸಿದವು. ಸುಮಾರು ಎರಡು ವರ್ಷದೊಳಗೆ ಮನೆ ಸೇರಿದವರಲ್ಲಿ ಸುಧಾರಣೆ ಹೆಚ್ಚು.

ಇದನ್ನು ಓದಿ "ಎರಡು ವರ್ಷ ದಾಟಿದ ಮಗು ಹಾಳಾಯಿತು" ಎಂದು ಫಾರ್ವರ್ಡ್ ಮಾಡಬೇಡಿ. ಅದು ತಪ್ಪು ಅರ್ಥ. ರೊಮೇನಿಯಾದ ಸ್ಥಿತಿ ಅತಿ ಘೋರ. ಪ್ರೀತಿಯಿಂದ ನೋಡಿಕೊಳ್ಳುವ ಆಯಾ ಇರುವ ಶಿಶುಗೃಹಕ್ಕೆ ಅದನ್ನು ಹಾಗೇ ಹೋಲಿಸಲಾಗದು. ತಡವಾಗಿ ಮನೆ ಸೇರಿದ ಮಕ್ಕಳೂ ತೂಕ, ಎತ್ತರ, ಕಲಿಕೆಯಲ್ಲಿ ಬಹಳ ಚೇತರಿಸಿಕೊಳ್ಳುತ್ತಾರೆ. ಅವರಿಗೆ ಹೆಚ್ಚು ತಾಳ್ಮೆ, ಹೆಚ್ಚು ನೆರವು ಬೇಕು ಅಷ್ಟೇ. ಈ ಅಧ್ಯಯನಗಳು ನಮಗೆ ಹೇಳುವುದು ಇಷ್ಟು: ಮಗು ಕಾಯುವಷ್ಟು ದಿನವೂ ಅದನ್ನು ಒಬ್ಬರೇ ಎತ್ತಿ ಆಡಿಸುವಂತಿರಬೇಕು, ಮತ್ತು ಮೇಜಿನ ಮೇಲೆ ಸುಮ್ಮನೆ ಕೂತ ಕಡತದಿಂದ ಮಗುವಿಗೆ ನಿಜವಾದ ನಷ್ಟವಿದೆ.

ಕಾಯುತ್ತಿರುವವರು ಏನು ಮಾಡಬಹುದು?

ಮಗುವಿನ ಭಾಷೆಯ ನಾಲ್ಕು ಮಾತು ಕಲಿಯಿರಿ. ಚೀನಾದಿಂದ ಕೆನಡಾದ ಫ್ರೆಂಚ್ ಮಾತಾಡುವ ಮನೆಗಳಿಗೆ ಕೂಸಾಗಿದ್ದಾಗಲೇ ದತ್ತು ಬಂದ ಹೆಣ್ಣುಮಕ್ಕಳ ಮಿದುಳನ್ನು ಮಾಂಟ್ರಿಯಲ್‌ನ ಸಂಶೋಧಕರು ಪರೀಕ್ಷಿಸಿದ್ದರು. 2014ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ಆ ಹುಡುಗಿಯರಿಗೆ ಚೀನೀ ಭಾಷೆಯ ಒಂದು ಪದವೂ ನೆನಪಿರಲಿಲ್ಲ. ಆದರೆ ಆ ಭಾಷೆಯ ಸ್ವರಗಳು ಕೇಳಿಸಿದಾಗ ಅವರ ಮಿದುಳು ಚೀನೀ ಬಲ್ಲವರ ಮಿದುಳಿನಂತೆಯೇ ಕೆಲಸ ಮಾಡಿತು. ಕರ್ನಾಟಕದ ಶಿಶುಗೃಹದಲ್ಲಿ ಹತ್ತು ತಿಂಗಳು "ಬಾ ಪುಟ್ಟಾ", "ಹಾಲು ಕುಡಿ", "ಅಳಬೇಡ ಕಂದಾ" ಕೇಳಿದ ಮಗು ಮಾತು ಬರದಿದ್ದರೂ ಆ ದನಿಯನ್ನು ಗುರುತಿಸುತ್ತದೆ. ದೂರದ ನಾಡಿನ ಮೊದಲ ರಾತ್ರಿ ಅಪರಿಚಿತ ಮುಖ ಅದೇ ಮಾತು ಆಡಿದರೆ ಎಷ್ಟೋ ಸಮಾಧಾನ. ಮಗು ಕೇಳಿ ಬೆಳೆದದ್ದು ಕನ್ನಡವೋ, ಉರ್ದುವೋ, ತುಳುವೋ ಎಂದು ಸಂಸ್ಥೆಯನ್ನು ಕೇಳಿ ತಿಳಿದುಕೊಳ್ಳಿ. ವಿದೇಶದಲ್ಲಿರುವ ಕನ್ನಡಿಗರೇ, ನಿಮ್ಮ ಊರಿನ ಬೇರೆ ಭಾಷೆಯ ಕುಟುಂಬವೊಂದಕ್ಕೆ ಕರ್ನಾಟಕದಿಂದ ಮಗು ಬರುತ್ತಿದ್ದರೆ ಈ ನಾಲ್ಕು ಮಾತು ಕಲಿಸಿಕೊಡುವುದು ನೀವು ಮಾಡಬಹುದಾದ ದೊಡ್ಡ ಉಪಕಾರ.

ವೈದ್ಯಕೀಯ ವರದಿಯನ್ನು ಮಕ್ಕಳ ವೈದ್ಯರಿಗೆ ತೋರಿಸಿ. ತೂಕ, ಎತ್ತರ, ತಲೆಯ ಸುತ್ತಳತೆ ತಿಂಗಳಿಂದ ತಿಂಗಳಿಗೆ ಹೇಗೆ ಏರಿದೆ ಎಂಬುದು ಮುಖ್ಯ. ಒಂದೇ ದಿನದ ಅಳತೆಯಿಂದ ಹೆಚ್ಚು ತಿಳಿಯುವುದಿಲ್ಲ. ಹಾಕಿರುವ ಲಸಿಕೆಗಳ ಪಟ್ಟಿ ತಪ್ಪದೆ ಪಡೆಯಿರಿ.

ಮಗು ತಿನ್ನುತ್ತಿದ್ದದ್ದನ್ನೇ ಮೊದಮೊದಲು ಕೊಡಿ. ಯಾವ ಹಾಲಿನ ಪುಡಿ, ರಾಗಿ ಸರಿಯೋ ಗಂಜಿಯೋ, ದಿನಕ್ಕೆ ಎಷ್ಟು ಸಲ ಎಂದು ಬರೆದುಕೊಳ್ಳಿ. ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ.

ಮಗು ಅತ್ತರೆ ಗಾಬರಿಯಾಗಬೇಡಿ. ನಿಮಗೆ ಅದು ಮನೆ ತುಂಬಿದ ದಿನ. ಮಗುವಿಗೆ ಅದು ಇದುವರೆಗೆ ಎತ್ತಿಕೊಂಡಿದ್ದ ಆಯಾ ಕಳೆದುಹೋದ ದಿನ. ಅಳುವುದು, ನಿದ್ದೆ ಬರದಿರುವುದು, ನಿಮ್ಮಲ್ಲಿ ಒಬ್ಬರನ್ನು ಮಾತ್ರ ಹತ್ತಿರ ಸೇರಿಸುವುದು ಸಹಜ. ಮೊದಲ ವಾರಗಳಲ್ಲಿ ಬಂದವರೆಲ್ಲರ ಕೈಗೆ ಮಗುವನ್ನು ಕೊಡದಿರುವುದು ಒಳ್ಳೆಯದು. ನೆಂಟರು ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ.

ನಿಮ್ಮ ಮನಸ್ಸನ್ನೂ ನೋಡಿಕೊಳ್ಳಿ. ಇಷ್ಟು ಕಾದ ಮಗು ಬಂದ ಮೇಲೂ ಕೆಲವು ತಾಯಂದಿರಿಗೆ, ತಂದೆಯರಿಗೆ ಖಿನ್ನತೆ ಕಾಡುತ್ತದೆ. ಹೆರಿಗೆಯಾದವರಿಗೆ ಮಾತ್ರ ಇದು ಬರುತ್ತದೆ ಎನ್ನುವುದು ಸುಳ್ಳು. ನಾಚಿಕೆಪಡದೆ ವೈದ್ಯರ ಹತ್ತಿರ ಮಾತಾಡಿ.

ಹರಿದಾಡುವ ಸುಳ್ಳುಗಳು, ನಿಜಾಂಶಗಳು

ಸುಳ್ಳು: "ವಕೀಲರ ಹತ್ತಿರ ಸ್ಟಾಂಪ್ ಪೇಪರ್ ಮೇಲೆ ಬರೆಸಿದರೆ ಸಾಕು."
ನಿಜ: ಸಾಲದು. ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಿದ ಮಗುವನ್ನು ಕಾಯ್ದೆಯ ದಾರಿ ಬಿಟ್ಟು ದತ್ತು ಕೊಟ್ಟರೂ ತೆಗೆದುಕೊಂಡರೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ವಿದೇಶದಲ್ಲಿರುವವರು ತಮ್ಮನ ಮಗುವನ್ನೋ ತಂಗಿಯ ಮಗುವನ್ನೋ ದತ್ತು ಪಡೆದರೂ ಹೊರಗೆ ಕರೆದೊಯ್ಯಲು ಕಾರಾದ ನಿರಾಕ್ಷೇಪಣಾ ಪತ್ರ ಬೇಕು. ಹಿಂದೂ ದತ್ತು ಕಾಯ್ದೆಯಡಿ ಮಾಡಿದ ದತ್ತಿಗೂ ಇದು ಸಿಗುವಂತೆ 2021ರಲ್ಲಿ ನಿಯಮ ತಿದ್ದಲಾಗಿದೆ.

ಸುಳ್ಳು: "ಇಂತಿಷ್ಟು ಲಕ್ಷ ಕೊಟ್ಟರೆ ಸಾಲು ಹಾರಿಸಿ ಬೇಗ ಕೊಡಿಸುತ್ತಾರೆ."
ನಿಜ: ಅದು ದತ್ತಲ್ಲ, ಮಗುವಿನ ಮಾರಾಟ. ಐದು ವರ್ಷದವರೆಗೆ ಕಠಿಣ ಸಜೆ ಇದೆ. ಆಸ್ಪತ್ರೆಯವರೇ ಸೇರಿಕೊಂಡಿದ್ದರೆ ಮೂರರಿಂದ ಏಳು ವರ್ಷ. ಕಟ್ಟಬೇಕಾದ ಶುಲ್ಕವನ್ನು ನಿಯಮಾವಳಿಯಲ್ಲೇ ನಿಗದಿ ಮಾಡಿದ್ದಾರೆ. ದೇಣಿಗೆ ಹೆಸರಲ್ಲಿ ಅದಕ್ಕಿಂತ ಹೆಚ್ಚು ಕೇಳಿದರೆ ದೂರು ಕೊಡಿ.

ಸುಳ್ಳು: "ವಿದೇಶಿಯರು ಅಂಗಾಂಗ ಕೀಳಲು ಮಕ್ಕಳನ್ನು ಒಯ್ಯುತ್ತಾರೆ."
ನಿಜ: 1980ರ ದಶಕದಿಂದ ದೇಶ ದೇಶ ಸುತ್ತುತ್ತಿರುವ ಹಳೆಯ ಗಾಳಿಸುದ್ದಿ ಇದು. ದತ್ತು ಮಕ್ಕಳ ವಿಷಯದಲ್ಲಿ ಇದಕ್ಕೆ ಪುರಾವೆ ಸಿಕ್ಕಿಲ್ಲ. 1994ರಲ್ಲಿ ಗ್ವಾಟೆಮಾಲಾದಲ್ಲಿ ಇದನ್ನು ನಂಬಿದ ಗುಂಪೊಂದು ಅಮೆರಿಕದ ಪ್ರವಾಸಿ ಮಹಿಳೆಯನ್ನು ಸಾಯುವಂತೆ ಹೊಡೆದಿತ್ತು. ನಮ್ಮಲ್ಲೂ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಗಿನ ಯುವಕರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹಬ್ಬಿಸಿ, ಒಬ್ಬರನ್ನು ಹೊಡೆದು ಕೊಂದರು. ಮಕ್ಕಳ ಬಗ್ಗೆ ಕಳಿಸುವ ಒಂದು ಸುಳ್ಳು ಜೀವ ತೆಗೆಯಬಲ್ಲದು. ವಿದೇಶಕ್ಕೆ ಹೋದ ಮಗುವಿನ ಯೋಗಕ್ಷೇಮದ ವರದಿ ಎರಡು ವರ್ಷ ಕಾರಾಗೆ ಬರುತ್ತಲೇ ಇರಬೇಕು ಎಂಬುದೂ ನಿಯಮ.

ಸುಳ್ಳು: "ದತ್ತು ಎಂದು ಮಗುವಿಗೆ ಹೇಳಬಾರದು."
ನಿಜ: ಚಿಕ್ಕಂದಿನಿಂದಲೇ ಅದರ ವಯಸ್ಸಿಗೆ ತಕ್ಕಂತೆ ಹೇಳಬೇಕು ಎನ್ನುತ್ತಾರೆ ಮಕ್ಕಳ ತಜ್ಞರು. ಬೇರೆಯವರ ಬಾಯಿಂದ ತಿಳಿದರೆ ಆಗುವ ಪೆಟ್ಟು ದೊಡ್ಡದು. ದೊಡ್ಡವರಾದ ಮೇಲೆ ತನ್ನ ಬೇರು ಹುಡುಕಲು ದತ್ತು ಮಗುವಿಗೆ ನಿಯಮದಲ್ಲೇ ಅವಕಾಶವಿದೆ. ಅಂದು ಸರಿಯಾದ ದಾಖಲೆ ಇಟ್ಟಿದ್ದರೆ ಮಾತ್ರ ಆ ಹುಡುಕಾಟಕ್ಕೆ ಉತ್ತರ ಸಿಗುತ್ತದೆ.

ಹಾಗಾದರೆ ಆ ಮೂರು ದಿನದ ಕೂಸಿನ ಸಂದೇಶ ಬಂದರೆ?

ಫಾರ್ವರ್ಡ್ ಮಾಡಬೇಡಿ. ಸಂದೇಶ ಸುಳ್ಳಾಗಿದ್ದರೆ ನೀವು ವಂಚಕರಿಗೆ ನೆರವಾದಿರಿ. ನಿಜವಾಗಿದ್ದರೆ ಒಂದು ಮಗುವನ್ನು ಮಾರುವವರ ಕೈಗೆ ತಲುಪಿಸಿದಿರಿ. ಎರಡರಲ್ಲೂ ಮಗುವಿಗೆ ಒಳ್ಳೆಯದಾಗುವುದಿಲ್ಲ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಕೋವಿಡ್‌ನಿಂದ ಅನಾಥರಾದ ಮಕ್ಕಳ ಅಕ್ರಮ ದತ್ತು ತಡೆಯುವಂತೆ ರಾಜ್ಯಗಳಿಗೆ ಸೂಚಿಸಿತ್ತು. ರಕ್ಷಣೆ ಬೇಕಾದ ಮಗುವಿನ ಫೋಟೊ, ಹೆಸರು, ಗುರುತು ಪ್ರಕಟಿಸುವುದೂ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಬೀಳಬಹುದು.

1098ಕ್ಕೆ ಕರೆ ಮಾಡಿ. ಇದು ಮಕ್ಕಳ ಸಹಾಯವಾಣಿ, ದುಡ್ಡು ಕಟ್ಟಬೇಕಿಲ್ಲ. ಇಲ್ಲವಾದರೆ ಹತ್ತಿರದ ಪೊಲೀಸ್ ಠಾಣೆಗೆ, ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ದತ್ತು ಪಡೆಯುವ ಆಸೆ ಇದ್ದರೆ ದಾರಿ ಒಂದೇ: ಕಾರಾದ ಜಾಲತಾಣದಲ್ಲಿ ನೋಂದಣಿ. ವಿದೇಶಿಯರು, ಹೊರದೇಶದ ಪೌರತ್ವ ಪಡೆದ ಭಾರತೀಯ ಮೂಲದವರು ತಮ್ಮ ದೇಶದ ಮಾನ್ಯತೆ ಪಡೆದ ದತ್ತು ಸಂಸ್ಥೆ ಅಥವಾ ಸರ್ಕಾರದ ಮೂಲಕ ಬರಬೇಕು. ನೇರವಾಗಿ ಶಿಶುಗೃಹದ ಬಾಗಿಲು ತಟ್ಟುವಂತಿಲ್ಲ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು

ದತ್ತಿನ ಕಾಯುವಿಕೆಯಲ್ಲಿ ಮೂವರಿದ್ದಾರೆ. ಫೋಟೊ ನೋಡುತ್ತಾ ದಿನ ಎಣಿಸುವ ದಂಪತಿ ಒಬ್ಬರು. ಮಗು ಇನ್ನೊಬ್ಬರು. ಮೂರನೆಯವರು ನಮಗೆ ಕಾಣುವುದಿಲ್ಲ: ಎಲ್ಲೋ ಇರುವ ಹೆತ್ತ ತಾಯಿ. ಆಕೆ ಮಗುವನ್ನು ಮನಸಾರೆ ಬಿಟ್ಟಳೇ, ಬಿಡಿಸಿದರೇ, ಕಳೆದುಕೊಂಡಳೇ ಎಂದು ಕೇಳಿ ತಿಳಿಯಲು ಬೇಕಾದ ಕಾಲವೇ ಈ ಕಾಯುವಿಕೆಯ ಮುಖ್ಯ ಭಾಗ. ಮೂವತ್ತು ವರ್ಷದ ನಂತರ ಆ ಮಗು ತನ್ನ ಕಡತ ತೆರೆದು "ನಾನು ಇಲ್ಲಿಗೆ ಹೇಗೆ ಬಂದೆ?" ಎಂದು ಕೇಳಿದಾಗ ತೋರಿಸಲು ಒಂದು ನಿಜವಾದ ಉತ್ತರ ಇರಬೇಕು.

ಇದನ್ನು ಓದಿದ ಮೇಲೆ ನಿಮ್ಮ ಗ್ರೂಪಿನಲ್ಲಿ "ಮಗು ದತ್ತಿಗಿದೆ" ಎಂಬ ಸಂದೇಶ ಬಂದರೆ, ಕಳಿಸಿದವರನ್ನು ಬೈಯಬೇಡಿ. ಅವರ ಮನಸ್ಸು ಒಳ್ಳೆಯದೇ. 1098 ಎಂಬ ನಾಲ್ಕು ಅಂಕಿಗಳನ್ನು ಕಳಿಸಿ, ಅಷ್ಟು ಸಾಕು.